ಎಚ್ ಸೊನ್ನೆಯೋ, ಅಲ್ಲವೋ? ಕ್ಯಾಲ್ಕುಲಸ್ ಬಿಡಲು ಹೊರಟ ಹುಡುಗನಿಗೆ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರದ ಹತ್ತಿರದ ಹಳ್ಳಿಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಗಣಿತ ಪಾಸಾದೆ. ಈಗ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಕ್ಯಾಲ್ಕುಲಸ್ ಮೊದಲ ಟೆಸ್ಟಿನಲ್ಲಿ 20ಕ್ಕೆ 6 ಬಂತು. ಕ್ಲಾಸಿನಲ್ಲಿ ಎಚ್ ಅನ್ನುವ ಸಣ್ಣ ಸಂಖ್ಯೆ ಸೊನ್ನೆ ಅಲ್ಲ ಅಂತ ಹೇಳಿ ಅದರಿಂದ ಭಾಗಿಸುತ್ತಾರೆ, ಎರಡು ಸಾಲು ಕೆಳಗೆ ಅದೇ ಎಚ್ ಜಾಗದಲ್ಲಿ ಸೊನ್ನೆ ಹಾಕುತ್ತಾರೆ. ಇದು ಹೇಗೆ ಸರಿ ಅಂತ ಕೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕಿತು. ನನ್ನ ತಲೆಗೆ ಇದು ಹತ್ತುವುದಿಲ್ಲ ಅನಿಸುತ್ತಿದೆ. ವಿಷಯ ಬದಲಾಯಿಸಲೇ?

ಉತ್ತರ: ಬೇಡ. ಕನಿಷ್ಠ ಈ ಸೆಮಿಸ್ಟರ್ ಮುಗಿಯುವವರೆಗೆ ಬೇಡ.

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಅವೆರಡನ್ನೂ ನೀವು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೀರಿ. ಒಂದು, ಎಚ್ ಬಗ್ಗೆ ನಿಮಗೆ ಬಂದ ಅನುಮಾನ. ಇನ್ನೊಂದು, 20ಕ್ಕೆ ಬಂದ 6. ಅನುಮಾನ ಬಂದಿದೆ, ಅಂಕವೂ ಕಡಿಮೆ ಬಂದಿದೆ, ಹಾಗಾದರೆ ನಾನು ದಡ್ಡ ಅಂತ ತೀರ್ಮಾನ ಮಾಡಿದ್ದೀರಿ. ಬೀದರ್ ಮತ್ತು ಕಲಬುರಗಿಯ ಡಿಗ್ರಿ ಕಾಲೇಜುಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದೇ ಪಾಠ ಮಾಡಿದವಳು ನಾನು. ನನ್ನ ಅನುಭವದಲ್ಲಿ ಈ ಎರಡಕ್ಕೂ ಸಂಬಂಧವೇ ಇಲ್ಲ. ಎಚ್ ಬಗ್ಗೆ ಅನುಮಾನ ಬರುವುದು ಓದುತ್ತಿರುವಾಗ ತಲೆ ಎಚ್ಚರವಾಗಿದೆ ಅನ್ನುವುದರ ಗುರುತು. ಅಂಕ ಕಡಿಮೆ ಬರುವುದಕ್ಕೆ ಬೇರೆ ಕಾರಣ ಇರುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ.

ನಕ್ಕವರ ಚಿಂತೆ ಬಿಡಿ. ನೀವು ಕೇಳಿದ್ದನ್ನೇ 1734ರಲ್ಲಿ ಐರ್ಲೆಂಡಿನ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಅಚ್ಚು ಹಾಕಿಸಿ ಕೇಳಿದ್ದರು. ಸೊನ್ನೆ ಅಲ್ಲ ಅಂತ ಭಾಗಿಸಿ, ಆಮೇಲೆ ಸೊನ್ನೆ ಅಂತ ಬಿಟ್ಟುಬಿಡುವುದು ಎಲ್ಲಿಯ ನ್ಯಾಯ ಅನ್ನುವುದೇ ಅವರ ತಕರಾರು. ಆಗ ಕ್ಯಾಲ್ಕುಲಸ್ ಕಂಡುಹಿಡಿದ ಇಬ್ಬರಲ್ಲಿ ನ್ಯೂಟನ್ ತೀರಿಕೊಂಡು ಏಳು ವರ್ಷ ಆಗಿತ್ತು, ಲೈಬ್ನಿಟ್ಸ್ ಅದರ ಬಗ್ಗೆ ತಮ್ಮ ಮೊದಲ ಲೇಖನ ಪ್ರಕಟಿಸಿ 50 ವರ್ಷ ಆಗಿತ್ತು, ಯುರೋಪಿನ ದೊಡ್ಡ ದೊಡ್ಡ ಗಣಿತಜ್ಞರು ಕ್ಯಾಲ್ಕುಲಸ್ ಹಚ್ಚಿ ಗ್ರಹಗಳ ಲೆಕ್ಕ ಮಾಡುತ್ತಿದ್ದರು. ಉತ್ತರ ಸರಿಯಾಗಿ ಬರುತ್ತಿತ್ತು, ಆದರೆ ಬರ್ಕ್ಲಿಗೆ ನೆಟ್ಟಗೆ ಸಮಾಧಾನ ಹೇಳಲು ಯಾರಿಗೂ ಆಗಲಿಲ್ಲ. ಅದು ಸಾಧ್ಯವಾಗಿದ್ದು 1821ರಲ್ಲಿ ಫ್ರಾನ್ಸಿನ ಕೋಶಿ ಲಿಮಿಟ್ ಅನ್ನು ಬುನಾದಿ ಮಾಡಿಕೊಂಡು ಪುಸ್ತಕ ಬರೆದಾಗ, ಆಮೇಲೆ ಜರ್ಮನಿಯ ವೈಯರ್‌ಸ್ಟ್ರಾಸ್ ಅದನ್ನು ಇನ್ನೂ ಬಿಗಿ ಮಾಡಿದಾಗ. ಅಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ನಿಮಗೆ ಒಂದು ಪೀರಿಯಡ್ಡಿನಲ್ಲಿ ಹತ್ತಲಿಲ್ಲ ಅಂದರೆ ಅದರಲ್ಲಿ ತಪ್ಪೇನಿದೆ?

ನಮ್ಮ ಕಡೆಯದೇ ಒಂದು ಸಂಗತಿ ಇದೆ. ಸೇಡಂ ತಾಲೂಕಿನ ಮಳಖೇಡ ನೋಡಿದ್ದೀರಾ? ಕಾಗಿಣಾ ದಂಡೆಯ ಮೇಲೆ ಹಳೇ ಕೋಟೆ ಇದೆಯಲ್ಲ, ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ಕಾಲದಲ್ಲಿದ್ದ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ, ಅದರಲ್ಲಿ ನೃಪತುಂಗನನ್ನು ಹೊಗಳಿದ್ದಾನೆ. ಬಹಳ ದೊಡ್ಡ ಗಣಿತಜ್ಞ. ಅಂಥವನೂ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಅಂತ ಬರೆದಿದ್ದಾನೆ. ಅದು ತಪ್ಪು. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಎರಡನೇ ಭಾಸ್ಕರ, ಸೊನ್ನೆಯಿಂದ ಭಾಗಿಸಿದರೆ ಅನಂತ ಬರುತ್ತದೆ ಅಂದ. ಅದೂ ಈಗ ನಾವು ಒಪ್ಪುವ ಉತ್ತರ ಅಲ್ಲ. ಸೊನ್ನೆಯಿಂದ ಭಾಗಿಸುವ ಜಾಗ ಅಷ್ಟು ಜಾರುತ್ತದೆ. ಅಲ್ಲಿ ಕಾಲಿಡುವಾಗ ನಿಮಗೆ ಹೆದರಿಕೆ ಆಯಿತಲ್ಲ, ಆಗಲೇಬೇಕು.

ಈಗ ಉತ್ತರಕ್ಕೆ ಬರೋಣ. ಪೆನ್ನು ಹಾಳೆ ತಗೊಳ್ಳಿ, ಸುಮ್ನೆ ಓದಿಕೊಂಡು ಹೋಗಬೇಡಿ.

ಹೊಲದಲ್ಲಿ ಒಂದು ತೆರೆದ ಬಾವಿ ಇದೆ ಅಂದುಕೊಳ್ಳಿ. ನೀರು 20 ಮೀಟರ್ ಕೆಳಗಿದೆ, ಅಂದರೆ ಸುಮಾರು 65 ಅಡಿ. ಬೇಸಿಗೆಯಲ್ಲಿ ನಮ್ಮ ಕಡೆ ಇದೇನು ದೊಡ್ಡ ಆಳ ಅಲ್ಲ. ದಂಡೆಯಿಂದ ಒಂದು ಕಲ್ಲು ಬಿಡುತ್ತೀರಿ. ಗಾಳಿಯ ಅಡ್ಡಿ ಬಿಟ್ಟು, ಲೆಕ್ಕ ಸುಲಭವಾಗಲಿ ಅಂತ ಗುರುತ್ವವನ್ನು 9.8ರ ಬದಲು 10 ಅಂತ ಹಿಡಿದರೆ, ಕಲ್ಲು ಬಿದ್ದ ದೂರ ಅಂದರೆ ಸೆಕೆಂಡಿನ ವರ್ಗದ 5 ಪಟ್ಟು. ಒಂದು ಸೆಕೆಂಡಿಗೆ 5 ಮೀಟರ್. ಎರಡು ಸೆಕೆಂಡಿಗೆ 20 ಮೀಟರ್, ಅಲ್ಲಿಗೆ ನೀರು ಮುಟ್ಟಿತು. ನೀರು ಮುಟ್ಟುವ ಆ ಕ್ಷಣದಲ್ಲಿ ಕಲ್ಲಿನ ವೇಗ ಎಷ್ಟು?

ವೇಗ ಅಂದರೆ ದೂರ ಭಾಗಿಸು ಸಮಯ. ಆದರೆ ಒಂದು ಕ್ಷಣದಲ್ಲಿ ಸಮಯ ಸರಿಯುವುದಿಲ್ಲ, ಕಲ್ಲೂ ಸರಿಯುವುದಿಲ್ಲ. ಸೊನ್ನೆ ಭಾಗಿಸು ಸೊನ್ನೆ. ನೇರವಾಗಿ ಹೋದರೆ ಉತ್ತರವೇ ಇಲ್ಲ. ಹಾಗಾಗಿ ಸ್ವಲ್ಪ ಹಿಂದೆ ನಿಂತು ನೋಡೋಣ. 1.9 ಸೆಕೆಂಡಿನಿಂದ 2 ಸೆಕೆಂಡಿನವರೆಗೆ ಸರಾಸರಿ ವೇಗ ಎಷ್ಟು? 1.9ರ ವರ್ಗ 3.61. ಐದರಿಂದ ಗುಣಿಸಿದರೆ 18.05. ಕಲ್ಲು ಆ 0.1 ಸೆಕೆಂಡಿನಲ್ಲಿ ಹೋದದ್ದು 1.95 ಮೀಟರ್. ವೇಗ 19.5. ಈಗ 1.99ರಿಂದ ಮಾಡಿ, 19.95 ಬರುತ್ತದೆ. 1.999ರಿಂದ ಮಾಡಿ, 19.995. ನಾನು ಹೇಳಿದೆ ಅಂತ ನಂಬಬೇಡಿ, ಮೂರನ್ನೂ ಕೈಯಾರೆ ಮಾಡಿ. ಸಂಖ್ಯೆಗಳು ಎಲ್ಲಿಗೆ ಹೊರಟಿವೆ ಅನ್ನುವುದು ನಿಮಗೇ ಕಾಣುತ್ತದೆ.

ಇದನ್ನೇ ಒಂದೇ ಸಾರಿಗೆ ಮಾಡಲು ಎಚ್ ಬಂತು. 2ಕ್ಕಿಂತ ಎಚ್ ಸೆಕೆಂಡು ಹಿಂದಿನಿಂದ ಶುರು ಮಾಡಿದರೆ ಹೋದ ದೂರ 5 × (4 − (2−ಎಚ್)²). ಬಿಡಿಸಿದರೆ 5 × (4ಎಚ್ − ಎಚ್²). ಅದನ್ನು ಎಚ್‌ನಿಂದ ಭಾಗಿಸಿದರೆ 20 − 5ಎಚ್. ಇಲ್ಲಿ ಎಚ್ ಸೊನ್ನೆ ಅಲ್ಲ, ಹಾಗಾಗಿ ಭಾಗಾಕಾರ ಸರಿ. ಎಚ್ ಜಾಗದಲ್ಲಿ 0.1 ಹಾಕಿ ನೋಡಿ, 19.5. ಹೊಂದಿತಲ್ವಾ?

ಈಗ ನಿಮ್ಮ ಪ್ರಶ್ನೆ. ಕೊನೆಯ ಸಾಲಿನಲ್ಲಿ ಎಚ್ ಸೊನ್ನೆ ಅಂತ ಹಾಕಿ 20 ಅಂತ ಬರೆಯುತ್ತಾರಲ್ಲ, ಆಗ ಎಚ್ ಸೊನ್ನೆ ಆಯಿತು ಅಂತ ಅರ್ಥ ಅಲ್ಲ. ಎಚ್ ಯಾವತ್ತೂ ಸೊನ್ನೆ ಆಗಲೇ ಇಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆ. ಎಚ್ ಸೊನ್ನೆ ಆದರೆ ಎಷ್ಟು ಅಂತ ಕೇಳಲಿಲ್ಲ. ಎಚ್ ಸೊನ್ನೆಗೆ ಹತ್ತಿರ ಹತ್ತಿರ ಹೋದ ಹಾಗೆ 20 − 5ಎಚ್ ಯಾವ ಸಂಖ್ಯೆಯನ್ನು ಹಿಡಿಯಲು ಹೋಗುತ್ತದೆ ಅಂತ ಕೇಳಿದೆವು. ಆ ಸಂಖ್ಯೆ 20, ಅದಕ್ಕೇ ಲಿಮಿಟ್ ಅನ್ನುವುದು. ಸೊನ್ನೆ ಹಾಕುವುದು ಅದನ್ನು ಬೇಗ ಕಂಡುಹಿಡಿಯುವ ಅಡ್ಡದಾರಿ. 20 − 5ಎಚ್ ಎಲ್ಲೂ ಮುರಿಯದ ನೆಟ್ಟನೆ ಗೆರೆ, ಆದ್ದರಿಂದ ಆ ಅಡ್ಡದಾರಿ ಇಲ್ಲಿ ಮೋಸ ಮಾಡುವುದಿಲ್ಲ. ಕಂಟಿನ್ಯುವಸ್ ಅನ್ನುವ ಪದ ಕ್ಲಾಸಿನಲ್ಲಿ ಬರುವುದು ಇದಕ್ಕೇ. ಅನೇಕ ಪುಸ್ತಕಗಳು ಈ ಒಂದು ಮಾತನ್ನು ಹೇಳದೆ ಮುಂದೆ ಹೋಗುತ್ತವೆ. ನಿಮ್ಮಂಥ ಹುಡುಗರು ಅಲ್ಲೇ ನಿಂತುಬಿಡುತ್ತಾರೆ.

ಹಿಡಿಯಲು ಹೋಗುತ್ತದೆ ಅಂದರೆ ಏನು ಅಂತ ನೀವು ಕೇಳಬೇಕು. ಕೇಳಿ. 20ಕ್ಕೆ ಎಷ್ಟು ಹತ್ತಿರ ಬೇಕು ಅಂತ ನೀವು ಹೇಳಿ, ಅಷ್ಟು ಹತ್ತಿರ ತರುವುದು ನನ್ನ ಹೊಣೆ. 0.01ರೊಳಗೆ ಬೇಕಾ? ವ್ಯತ್ಯಾಸ 5ಎಚ್, ಹಾಗಾಗಿ ಎಚ್ ಅನ್ನು 0.002ಕ್ಕಿಂತ ಕಡಿಮೆ ಇಡಿ ಅನ್ನುತ್ತೇನೆ. 0.0001ರೊಳಗೆ ಬೇಕಾ? ಎಚ್ 0.00002ಕ್ಕಿಂತ ಕಡಿಮೆ ಇಡಿ. ನೀವು ಎಷ್ಟೇ ಸಣ್ಣದು ಕೇಳಿದರೂ ನನ್ನ ಹತ್ತಿರ ಉತ್ತರ ಇದೆ. ಅದೇ ಯಾರಾದರೂ ಲಿಮಿಟ್ 19.99 ಅಂತ ಹಟ ಹಿಡಿದರೆ, ಅವರನ್ನು 0.001ರೊಳಗೆ ತಂದು ತೋರಿಸಿ ಅಂತ ಕೇಳಿ. ಎಚ್ ಬಹಳ ಸಣ್ಣದಾದಾಗ ಬೆಲೆ 19.9999 ಆಗಿರುತ್ತದೆ, ಅವರಿಂದ ಆಗುವುದಿಲ್ಲ. ನೀವು ಕೇಳುವ ಹತ್ತಿರಕ್ಕೆ ಎಪ್ಸಿಲಾನ್ ಅಂತ ಹೆಸರು, ನಾನು ಕೊಡುವ ಎಚ್ ಮಿತಿಗೆ ಡೆಲ್ಟಾ ಅಂತ ಹೆಸರು. ಮುಂದೆ ಆ ಭಯಂಕರ ವ್ಯಾಖ್ಯೆ ಬೋರ್ಡಿನ ಮೇಲೆ ಬಂದಾಗ ಈ ಬಾವಿ ನೆನಪು ಮಾಡಿಕೊಳ್ಳಿ. ಅದರಲ್ಲಿ ಇದಕ್ಕಿಂತ ಜಾಸ್ತಿ ಏನೂ ಇಲ್ಲ. ಅಂದಹಾಗೆ, ಸೆಕೆಂಡಿಗೆ 20 ಮೀಟರ್ ಅಂದರೆ ಗಂಟೆಗೆ 72 ಕಿಲೋಮೀಟರ್. ಬಾವಿಗೆ ಬಿಟ್ಟ ಒಂದು ಕಲ್ಲು ಎರಡೇ ಸೆಕೆಂಡಿನಲ್ಲಿ ಹೈವೇ ಬಸ್ಸಿನ ವೇಗ ಹಿಡಿಯುತ್ತದೆ!

ಇನ್ನು ಆ 6 ಅಂಕ. ನಿಮ್ಮ ಉತ್ತರ ಪತ್ರಿಕೆ ನಾನು ನೋಡಿಲ್ಲ. ಆದರೆ ಇಂಥ ಸಾವಿರಾರು ಪತ್ರಿಕೆ ತಿದ್ದಿದ್ದೇನೆ, ಅಂಕ ಎಲ್ಲಿ ಹೋಗುತ್ತದೆ ಅಂತ ಗೊತ್ತು. ಕ್ಯಾಲ್ಕುಲಸ್ ಸಾಲು ಸರಿ ಇರುತ್ತದೆ, ಅದರ ಕೆಳಗಿನ ಬೀಜಗಣಿತ ಸಾಲು ತಪ್ಪಿರುತ್ತದೆ. ಎಕ್ಸ್² + 9ರ ವರ್ಗಮೂಲವನ್ನು ಎಕ್ಸ್ + 3 ಅಂತ ಬರೆಯುತ್ತಾರೆ. ಎಕ್ಸ್ ಜಾಗದಲ್ಲಿ 4 ಹಾಕಿ ನೋಡಿ, ಒಂದು ಕಡೆ 5, ಇನ್ನೊಂದು ಕಡೆ 7. 1/(ಎಕ್ಸ್ + 2) ಅನ್ನು 1/ಎಕ್ಸ್ + 1/2 ಅಂತ ಒಡೆಯುತ್ತಾರೆ. ಎಕ್ಸ್‌ಗೆ 2 ಹಾಕಿದರೆ ಕಾಲು ಒಂದು ಕಡೆ, ಪೂರ್ತಿ ಒಂದು ಇನ್ನೊಂದು ಕಡೆ. (ಎಕ್ಸ್ + 5)/ಎಕ್ಸ್‌ನಲ್ಲಿ ಮೇಲೆ ಕೆಳಗೆ ಎಕ್ಸ್ ಹೊಡೆದು 5 ಅಂತ ಇಳಿಸುತ್ತಾರೆ. ಇದನ್ನು ಬಹಳ ಜಾಣ ಹುಡುಗಿಯರೂ ಮಾಡಿದ್ದನ್ನು ನೋಡಿದ್ದೇನೆ, ಪರೀಕ್ಷೆಯ ಅವಸರದಲ್ಲಿ ಕೈ ತಾನೇ ಹೊಡೆದುಬಿಡುತ್ತದೆ. ಅನುಮಾನ ಬಂದಲ್ಲೆಲ್ಲ ಒಂದು ಸಣ್ಣ ಸಂಖ್ಯೆ ಹಾಕಿ ನೋಡುವ ಅಭ್ಯಾಸ ಮಾಡಿ. ಹತ್ತು ಸೆಕೆಂಡು ಸಾಕು. ಈ ಒಂದೇ ಅಭ್ಯಾಸದಿಂದ ಪಾಸಾದವರು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇದ್ದರು.

ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. 1/ಎಕ್ಸ್‌ನ ಡೆರಿವೇಟಿವ್ ಅನ್ನು, ಅಂದರೆ ಬದಲಾಗುವ ದರವನ್ನು, ಎಕ್ಸ್ = 2ರಲ್ಲಿ ಫಸ್ಟ್ ಪ್ರಿನ್ಸಿಪಲ್‌ನಿಂದ, ಅಂದರೆ ಬಾವಿಯಲ್ಲಿ ಮಾಡಿದ ಹಾಗೆ ಎಚ್ ಹಾಕಿ, ಕಂಡುಹಿಡಿಯಿರಿ. 1/(2+ಎಚ್)ರಿಂದ 1/2 ಕಳೆದು, ಎಚ್‌ನಿಂದ ಭಾಗಿಸಬೇಕು. ಇಷ್ಟು ಬರೆದರೆ ಕ್ಯಾಲ್ಕುಲಸ್ ಮುಗಿಯಿತು. ಉಳಿದದ್ದು ಎಂಟನೇ ತರಗತಿಯಿಂದ ಬಂದ ಭಿನ್ನರಾಶಿ ಕೆಲಸ. ಛೇದ ಒಂದು ಮಾಡಿ ಕಳೆದರೆ ಮೇಲೆ −ಎಚ್ ಉಳಿಯುತ್ತದೆ, ಕೆಳಗೆ 2(2+ಎಚ್). ಎಚ್ ಹೋಗಿ −1/(2(2+ಎಚ್)) ಉಳಿಯುತ್ತದೆ, ಲಿಮಿಟ್ −1/4. ನೀವು ಎಲ್ಲಿ ನಿಂತಿರಿ? ಮೊದಲ ಸಾಲು ಬರೆಯಲು ಆಗದಿದ್ದರೆ ಕ್ಯಾಲ್ಕುಲಸ್ ಪುಸ್ತಕ ತೆಗೆಯಿರಿ. ಮೊದಲ ಸಾಲು ಬಂದು ಆಮೇಲೆ ನಿಂತಿದ್ದರೆ ಎಂಟು, ಒಂಬತ್ತು, ಹತ್ತನೇ ತರಗತಿಯ ಕನ್ನಡ ಗಣಿತ ಪುಸ್ತಕ ತೆಗೆಯಿರಿ. ಕರ್ನಾಟಕ ಪಠ್ಯಪುಸ್ತಕ ಸಂಘದವರು ಅವನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಅಪವರ್ತನ, ಘಾತಾಂಕ, ಬೀಜೋಕ್ತಿ, ಭಿನ್ನರಾಶಿ, ತ್ರಿಕೋನಮಿತಿ. ದಿನಾ ಮುಕ್ಕಾಲು ಗಂಟೆ, ಮೂರು ವಾರ. ಡಿಗ್ರಿಗೆ ಬಂದು ಎಂಟನೇ ಕ್ಲಾಸಿನ ಪುಸ್ತಕ ಹಿಡಿದರೆ ರೂಮಿನವರು ಏನಂದಾರು ಅಂತ ನಾಚಿಕೆ ಬೇಡ. ಇಲ್ಲಿ ನಿಮ್ಮ ಕನ್ನಡ ಮಾಧ್ಯಮವೇ ಅನುಕೂಲ, ಆ ಪುಸ್ತಕ ನಿಮಗೆ ಸರಾಗವಾಗಿ ಅರ್ಥವಾಗುತ್ತದೆ.

ಇಂಗ್ಲಿಷಿನ ತ್ರಾಸು ಬೇರೆ. ಅದು ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. ಒಬ್ಬ ಹುಡುಗಿ ‘ವಿತ್ ರೆಸ್ಪೆಕ್ಟ್ ಟು ಎಕ್ಸ್’ ಅನ್ನುವುದಕ್ಕೆ ಡಿಕ್ಷನರಿ ನೋಡಿ ‘ಎಕ್ಸ್‌ಗೆ ಗೌರವದಿಂದ’ ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದಳು. ಎರಡು ತಿಂಗಳು ಹಾಗೇ ಓದಿದಳು, ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಅದನ್ನು ನೋಡಿ ಬಹಳ ಸಂಕಟವಾಯಿತು. ಎಕ್ಸ್ ಬದಲಾದ ಹಾಗೆ ಇದು ಎಷ್ಟು ಬದಲಾಗುತ್ತದೆ ಅನ್ನುವುದಷ್ಟೇ ಅದರ ಅರ್ಥ. ಗಣಿತದ ಇಂಗ್ಲಿಷಿನಲ್ಲಿ ತಿರುಗಿ ತಿರುಗಿ ಬರುವ ಮಾತು ನಲವತ್ತೋ ಐವತ್ತೋ ಇರಬಹುದು. ಲೆಟ್, ಸಚ್ ದಟ್, ಫಾರ್ ಎವ್ರಿ, ದೇರ್ ಎಕ್ಸಿಸ್ಟ್ಸ್, ಹೆನ್ಸ್, ಅಟ್ ಮೋಸ್ಟ್. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದೊಂದಾಗಿ ಬರೆದುಕೊಂಡು ಪಕ್ಕದಲ್ಲಿ ಕನ್ನಡದಲ್ಲಿ ನಿಮ್ಮದೇ ಮಾತಿನ ಅರ್ಥ ಹಾಕಿ. ಡಿಫರೆನ್ಶಿಯೇಶನ್‌ಗೆ ಅವಕಲನ, ಇಂಟಿಗ್ರೇಶನ್‌ಗೆ ಅನುಕಲನ ಅಂತ ಕನ್ನಡ ಪದಗಳೂ ಇವೆ, ಗೊತ್ತಿರಲಿ. ಪರೀಕ್ಷೆಯಲ್ಲಿ ಯಾವ ಪದ ಬರುತ್ತದೋ ಅದನ್ನು ಬಳಸಿ, ಯೋಚನೆ ಮಾತ್ರ ಕನ್ನಡದಲ್ಲೇ ಮಾಡಿ.

ಸೂತ್ರ ಬಾಯಿಪಾಠ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಹದಿನೈದು ಇಪ್ಪತ್ತು ಸೂತ್ರ ಮಗ್ಗಿಯ ಹಾಗೆ ಬಾಯಿಗೆ ಬರಬೇಕು. ಆದರೆ ಪ್ರತಿಯೊಂದರ ಹಿಂದೆ ಒಂದು ಚಿತ್ರ ಇರಲಿ. ಚೈನ್ ರೂಲ್ ತಗೊಳ್ಳಿ. ಬಸ್ಸು ಗಂಟೆಗೆ 60 ಕಿಲೋಮೀಟರ್ ಹೋಗುತ್ತದೆ. ಕಿಲೋಮೀಟರಿಗೆ 0.2 ಲೀಟರ್ ಡೀಸೆಲ್ ಕುಡಿಯುತ್ತದೆ. ಗಂಟೆಗೆ ಎಷ್ಟು ಡೀಸೆಲ್? 12 ಲೀಟರ್ ಅಂತ ಕಂಡಕ್ಟರೂ ಹೇಳುತ್ತಾನೆ. ಎರಡು ದರ ಗುಣಿಸಿದಿರಿ, ಚೈನ್ ರೂಲ್ ಅಂದರೆ ಅಷ್ಟೇ. ಡ್ರೈವರ್ ಮುಂದಿನ ಮೀಟರುಗಳನ್ನೂ ನೋಡಿ. ಮುಳ್ಳು ತೋರಿಸುವ ವೇಗ ಡೆರಿವೇಟಿವ್, ಕೂಡುತ್ತಾ ಹೋಗುವ ಕಿಲೋಮೀಟರ್ ಇಂಟಿಗ್ರಲ್. ಒಂದು ಗೊತ್ತಿದ್ದರೆ ಇನ್ನೊಂದನ್ನು ತೆಗೆಯಬಹುದು ಅನ್ನುವುದೇ ಈ ಶಾಸ್ತ್ರದ ಅತಿ ದೊಡ್ಡ ಪ್ರಮೇಯ.

ಸೈನ್ ಬಗ್ಗೆ ಒಂದೇ ಮಾತು. ಎಕ್ಸ್ ಸೊನ್ನೆಗೆ ಹತ್ತಿರ ಹೋದಾಗ ಸೈನ್ ಎಕ್ಸ್ ಭಾಗಿಸು ಎಕ್ಸ್‌ನ ಲಿಮಿಟ್ 1 ಬರುವುದು ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ 0.01745 ಅಂತ ತೋರಿಸುತ್ತದೆ, ಆಗ ಸೂತ್ರ ತಪ್ಪು ಅಂದುಕೊಳ್ಳಬೇಡಿ.

ಇಂಟಿಗ್ರೇಶನ್ ನಿಮಗೆ ಇನ್ನೂ ಬಂದಿರಲಿಕ್ಕಿಲ್ಲ. ಬರುವ ಮುಂಚೆ ಒಂದು ಭಾನುವಾರ ಕಲಬುರಗಿ ಕೋಟೆಗೆ ಹೋಗಿ. 1367ರ ಜಾಮಾ ಮಸೀದಿ ಅಲ್ಲಿದೆ, ನಡುವಿನ ಅಂಗಳಕ್ಕೂ ಮಾಡು ಹಾಕಿ ಸಾಲು ಸಾಲು ಗುಮ್ಮಟ ಕಟ್ಟಿದ್ದಾರೆ. ಅಲ್ಲಿ ನಿಂತು ಯೋಚನೆ ಮಾಡಿ, ಅರ್ಧ ಚೆಂಡಿನ ಆಕಾರದ ಒಂದು ಗುಮ್ಮಟದೊಳಗೆ ಎಷ್ಟು ಗಾಳಿ ಹಿಡಿಯುತ್ತದೆ? ತ್ರಿಜ್ಯ 3 ಮೀಟರ್ ಅಂತ ಇಟ್ಟುಕೊಳ್ಳೋಣ. ಜೋಳದ ರೊಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ ಅದನ್ನು ಅಡ್ಡಕ್ಕೆ ಕತ್ತರಿಸಿ, ಕೆಳಗೆ ದೊಡ್ಡ ರೊಟ್ಟಿ, ಮೇಲೆ ಹೋದ ಹಾಗೆ ಸಣ್ಣದು. ವೈ ಎತ್ತರದಲ್ಲಿರುವ ರೊಟ್ಟಿಯ ಕ್ಷೇತ್ರಫಲ ಪೈ × (9 − ವೈ²), ಇದು ಬರೀ ಪೈಥಾಗೊರಸ್. ಒಂದೊಂದು ಮೀಟರ್ ದಪ್ಪದ ಮೂರೇ ರೊಟ್ಟಿ ಮಾಡಿ, ತಳದ ಅಗಲ ಹಿಡಿದರೆ 9 + 8 + 5, ಅಂದರೆ 22 ಪೈ. ಇದು ಜಾಸ್ತಿ ಆಯಿತು. ಮೇಲಿನ ಅಗಲ ಹಿಡಿದರೆ 8 + 5 + 0, ಅಂದರೆ 13 ಪೈ. ಇದು ಕಡಿಮೆ. ಅರ್ಧ ಮೀಟರ್ ದಪ್ಪ ಮಾಡಿದರೆ 20.125 ಪೈ ಮತ್ತು 15.625 ಪೈ. ರೊಟ್ಟಿ ತೆಳ್ಳಗಾದ ಹಾಗೆ ಎರಡೂ ಕಡೆಯಿಂದ ಒತ್ತುತ್ತಾ ಬರುತ್ತವೆ. ನಡುವೆ ಸಿಕ್ಕಿಬೀಳುವ ಸಂಖ್ಯೆ 18 ಪೈ, ಸುಮಾರು 56.5 ಘನ ಮೀಟರ್. ಮತ್ತೆ ಅದೇ ಬಾವಿಯ ಕಥೆ ಅಲ್ವಾ? ದಪ್ಪ ಸೊನ್ನೆ ಆಗಲೇ ಇಲ್ಲ. ಸೊನ್ನೆ ಆಗಿದ್ದರೆ ರೊಟ್ಟಿಯೇ ಇರುತ್ತಿರಲಿಲ್ಲ.

ವಿಡಿಯೋ ಪಾಠ ಬೇಕಾದರೆ ಎನ್‌ಪಿಟಿಇಎಲ್, ಸ್ವಯಂ ಅನ್ನುವ ಸರ್ಕಾರಿ ಆನ್‌ಲೈನ್ ಪಾಠದ ತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಗ್ರಾಫ್ ನೋಡಲು ಮೊಬೈಲಿನಲ್ಲಿ ಜಿಯೋಜೀಬ್ರಾ ಹಾಕಿಕೊಳ್ಳಿ, ಅದೂ ಪುಕ್ಕಟೆ. ಆದರೆ ವಿಡಿಯೋ ನೋಡುವಾಗ ಎಲ್ಲವೂ ಅರ್ಥವಾದಂತೆ ಅನಿಸುತ್ತದೆ, ಹಾಳೆ ಹಿಡಿದಾಗ ಕೈ ಓಡುವುದಿಲ್ಲ. ಒಂದು ಲೆಕ್ಕ ನೋಡಿದರೆ ಮೂರು ಲೆಕ್ಕ ಮಾಡಿ. ಬೆಳಗಿನ ಜಾವ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟಿದ ಮೇಲೆ ಮಧ್ಯಾಹ್ನ ಹಾಸ್ಟೆಲ್ ರೂಮಿನಲ್ಲಿ ಲಿಮಿಟ್ ಬಿಡಿಸಲು ಯಾರಿಂದಲೂ ಆಗುವುದಿಲ್ಲ, ಅದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ.

ವಿಷಯ ಬದಲಾಯಿಸುವ ಮಾತು ಬಂತಲ್ಲ, ಅದಕ್ಕೂ ನೇರವಾಗಿ ಹೇಳುತ್ತೇನೆ. ಮೂರು ವಾರ ಬೀಜಗಣಿತ ಮಾಡಿ, ಎರಡನೇ ಟೆಸ್ಟ್ ಬರೆಯಿರಿ. ಆಗಲೂ ಮನಸ್ಸು ಬರದಿದ್ದರೆ, ಲೆಕ್ಕ ಬಂದರೂ ಇಷ್ಟವಾಗದಿದ್ದರೆ, ಆಗ ಬೇರೆ ವಿಷಯ ಯೋಚಿಸಿ. ಅದರಲ್ಲಿ ಅವಮಾನ ಏನಿಲ್ಲ. ಆದರೆ ನಕ್ಕರು ಅಂತ ಬಿಡಬೇಡಿ. ಕ್ಲಾಸಿನ ಅವಸರದಲ್ಲಿ ಉತ್ತರ ಸಿಗದಿದ್ದರೆ ಸ್ಟಾಫ್ ರೂಮಿಗೆ ಹೋಗಿ ಕೇಳಿ. ಬಾವಿಯ ಲೆಕ್ಕ ಮಾಡಿದ ಹಾಳೆ ಕೈಯಲ್ಲಿರಲಿ. ಕೆಲಸ ಮಾಡಿಕೊಂಡು ಬಂದ ವಿದ್ಯಾರ್ಥಿಯನ್ನು ವಾಪಸ್ ಕಳಿಸಿದ ಲೆಕ್ಚರರನ್ನು ನಾನು ನೋಡಿದ್ದು ಕಡಿಮೆ.

ಇವತ್ತು ರಾತ್ರಿಗೆ ಒಂದೇ ಕೆಲಸ. ಎಕ್ಸ್‌ನ ಘನ ತಗೊಳ್ಳಿ, ಬಾವಿಯಲ್ಲಿ ಮಾಡಿದ ಹಾಗೆ ಅದು ಬದಲಾಗುವ ಸರಾಸರಿ ದರ ತೆಗೆಯಿರಿ. 2ರಿಂದ 2.1, 2ರಿಂದ 2.01, 2ರಿಂದ 2.001. ಮೊದಲನೆಯದು 12.61 ಬರಬೇಕು. ಉಳಿದ ಎರಡು ನೀವು ಮಾಡಿ, ಆಮೇಲೆ 2ರಿಂದ 2+ಎಚ್‌ವರೆಗೆ ಹಾಕಿ ಬಿಡಿಸಿ, ಎಚ್‌ನಿಂದ ಭಾಗಿಸಿ. 12 + 6ಎಚ್ + ಎಚ್² ಬಂದರೆ ನಾಳೆ ಮುಂದಿನ ಪಾಠಕ್ಕೆ ಹೋಗಬಹುದು. ಬರದಿದ್ದರೆ ಘನದ ವಿಸ್ತರಣೆಯಲ್ಲಿ ತಪ್ಪಿದೆ, ಒಂಬತ್ತನೇ ತರಗತಿ ಪುಸ್ತಕ ತೆಗೆದು ನೋಡಿ.